ಲ.ಸಾ.ಅ. ಕಲಿಸುವ ಮರದ ಪಟ್ಟಿಗಳು: ಪೆಟ್ಟಿಗೆ ಕೊಳ್ಳಿ, ಪುಸ್ತಿಕೆ ಬಿಡಿ

ಆರನೇ ತರಗತಿಯಲ್ಲಿರುವ ಮಗಳಿಗೆಂದು ಶಿವಮೊಗ್ಗದ ದುರ್ಗಿಗುಡಿಯ ಒಂದು ಅಂಗಡಿಯಿಂದ ಗಣಿತದ ಮರದ ಪಟ್ಟಿಗಳ ಪೆಟ್ಟಿಗೆ ತಂದೆ. ಬೆಲೆ 650 ರೂಪಾಯಿ. ಸಾಗರದಲ್ಲಿ ಬಾಗಿಲು, ಕಿಟಕಿ, ಮಂಚ ಮಾಡಿಕೊಡುವುದು ನನ್ನ ಕಸುಬು. ಹಾಗಾಗಿ ಇಲ್ಲಿ ಲೆಕ್ಕದ ಮಾತಿನಷ್ಟೇ ಮರದ ಮಾತೂ ಬರುತ್ತದೆ.

ಪೆಟ್ಟಿಗೆಯಲ್ಲಿರುವುದು 1ರಿಂದ 10 ಸೆಂಟಿಮೀಟರ್ ಉದ್ದದ ಪಟ್ಟಿಗಳು, ಒಂದೊಂದು ಉದ್ದಕ್ಕೆ ಒಂದೊಂದು ಬಣ್ಣ. 5ರವರೆಗಿನವು ಹದಿನೈದರಂತೆ, 6ರಿಂದ ಮೇಲಿನವು ಎಂಟರಂತೆ ಇವೆ. ಈ ಬಗೆಯ ಪಟ್ಟಿಗಳನ್ನು ಬಳಕೆಗೆ ತಂದವರು ಬೆಲ್ಜಿಯಂನ ಶಾಲಾ ಮೇಷ್ಟ್ರು ಜಾರ್ಜ್ ಕ್ಯುಸೆನೇರ್. ಅವರಿಗೆ ಬಡಗಿಯ ತಲೆ ಇದ್ದಿರಬೇಕು.

ಲಘುತ್ತಮ ಸಾಮಾನ್ಯ ಅಪವರ್ತ್ಯಕ್ಕೆ ಇದಕ್ಕಿಂತ ಒಳ್ಳೆಯ ಸಾಧನವನ್ನು ನಾನು ನೋಡಿಲ್ಲ. 4ರ ಪಟ್ಟಿಗಳನ್ನು ಒಂದು ಸಾಲಿನಲ್ಲಿ, 6ರವನ್ನು ಅದರ ಕೆಳಗೆ ಜೋಡಿಸುತ್ತ ಹೋಗಬೇಕು. ಎರಡೂ ಸಾಲುಗಳ ತುದಿ ಮೊದಲ ಸಲ ಎಲ್ಲಿ ಸರಿಸಮವಾಗುತ್ತದೋ ಅದೇ ಲ.ಸಾ.ಅ. ಇಲ್ಲಿ ಅದು 12. ಮಗಳು ಅಲ್ಲಿಯವರೆಗೆ ಎರಡು ಸಂಖ್ಯೆ ಕಂಡರೆ ಸಾಕು, ಗುಣಿಸಿ 24 ಎಂದು ಬರೆದುಬಿಡುತ್ತಿದ್ದಳು. 24ರಲ್ಲೂ ತುದಿಗಳು ಕೂಡುತ್ತವೆ, ಸುಳ್ಳಲ್ಲ. ಆದರೆ ಅದು ಎರಡನೆಯ ಸಲ. ಅದೇ 5 ಮತ್ತು 6ರ ಸಾಲುಗಳು 30ರವರೆಗೂ ಕೂಡುವುದಿಲ್ಲ. ಏಕೆಂದರೆ ಅವೆರಡನ್ನೂ ಉಳಿಕೆಯಿಲ್ಲದೆ ಅಳೆಯುವ ಪಟ್ಟಿ 1ರದು ಮಾತ್ರ. 4 ಮತ್ತು 6ನ್ನು 2ರ ಪಟ್ಟಿಯೂ ಅಳೆಯುತ್ತದೆ, ಆದ್ದರಿಂದ ಅವು ಅರ್ಧ ದಾರಿಯಲ್ಲೇ ಕೂಡಿಕೊಳ್ಳುತ್ತವೆ. ಮಹತ್ತಮ ಸಾಮಾನ್ಯ ಅಪವರ್ತನ ಎಂದರೇನು ಎಂಬುದನ್ನು ಮಗಳು ಈ 2ರ ಪಟ್ಟಿಯಲ್ಲೇ ಹಿಡಿದುಕೊಂಡಳು.

ಇನ್ನು ದೂರುಗಳು. 7ರ ಪಟ್ಟಿಗಳನ್ನು ಸರಿಯಾಗಿ ಕೊಯ್ದಿಲ್ಲ, ಒಂದೊಂದೂ ಅರ್ಧ ಮಿಲಿಮೀಟರ್ ಹೆಚ್ಚಿದೆ. ಒಂಟಿಯಾಗಿ ನೋಡಿದರೆ ಗೊತ್ತಾಗುವುದಿಲ್ಲ. ಆದರೆ 6 ಮತ್ತು 7ರ ಲ.ಸಾ.ಅ. 42ಕ್ಕೆ ಬರುವಾಗ ಆರು ಪಟ್ಟಿಗಳ ಹೆಚ್ಚಳ ಸೇರಿ 3 ಮಿಲಿಮೀಟರ್, ನಮ್ಮ ಲೆಕ್ಕದಲ್ಲಿ ಹೆಚ್ಚು ಕಡಿಮೆ ಒಂದು ನೂಲು. ತುದಿ ಕೂಡಿತೋ ಇಲ್ಲವೋ ಎಂದು ಮಗು ಕಣ್ಣು ಕಿರಿದು ಮಾಡಿಕೊಂಡು ಕೂರಬೇಕು. ಮುಂದಿನ ಬಾರಿ ಹೋದಾಗ ಅಂಗಡಿಯವರಿಗೆ ಹೇಳಿದೆ. ‘ಮಕ್ಕಳ ಸಾಮಾನು ಸ್ವಾಮಿ, ಅಷ್ಟೆಲ್ಲ ನೋಡಿದರೆ ಆಗುತ್ತದೆಯೇ?’ ಎಂದರು. ಮಕ್ಕಳ ಸಾಮಾನಾದ್ದರಿಂದಲೇ ನೋಡಬೇಕಲ್ಲವೇ? ಎಂಟನ್ನೂ ನಾನೇ ಮರಳು ಕಾಗದದ ಮೇಲೆ ತಿಕ್ಕಿ ಅಳತೆಗೆ ತಂದೆ.

ಜೊತೆಗೆ ಕೊಡುವ ಪುಸ್ತಿಕೆ ಇದಕ್ಕಿಂತ ಕೆಟ್ಟದ್ದು. ಸಂಖ್ಯೆಗಳನ್ನೆಲ್ಲ ಗುಣಿಸಿ ಮ.ಸಾ.ಅ.ದಿಂದ ಭಾಗಿಸಿದರೆ ಲ.ಸಾ.ಅ. ಸಿಗುತ್ತದೆ ಎಂದು ಚೌಕ ಹಾಕಿ ಮುದ್ರಿಸಿದ್ದಾರೆ. ಎರಡು ಸಂಖ್ಯೆಗಳಿಗೆ ಅದು ಸರಿ. ಆದರೆ ಅದರ ಕೆಳಗಿನ ಅಭ್ಯಾಸದಲ್ಲಿ 4, 6, 10 ಎಂದು ಮೂರು ಕೊಟ್ಟು, 240ನ್ನು 2ರಿಂದ ಭಾಗಿಸಿ ಉತ್ತರ 120 ಎಂದಿದ್ದಾರೆ. ಮಗಳು ಪಟ್ಟಿ ಜೋಡಿಸತೊಡಗಿದಳು. 4 ಮತ್ತು 6 ಕೂಡುವುದು 12ಕ್ಕೆ ಎಂದು ಮೊದಲೇ ಗೊತ್ತಿತ್ತು. 12ರ ಪಟ್ಟಿ ಇಲ್ಲದ್ದರಿಂದ 8 ಮತ್ತು 4ನ್ನು ಸೇರಿಸಿ 12 ಮಾಡಿಕೊಂಡು, ಅದರ ಕೆಳಗೆ 10ರ ಸಾಲು ಇಟ್ಟಳು. ಐದು ಹನ್ನೆರಡು, ಆರು ಹತ್ತು, 60ಕ್ಕೇ ತುದಿ ಕೂಡಿತು. ‘ಅಪ್ಪಾ, ಪಟ್ಟಿ ತಪ್ಪೋ, ಪುಸ್ತಕ ತಪ್ಪೋ?’ ಎಂದಳು. ಪುಸ್ತಕ. 240ರೊಳಗೆ 2 ಎಂಬ ಅಪವರ್ತನ ನಾಲ್ಕು ಸಲ ಇದೆ, ಬೇಕಿರುವುದು ಎರಡು ಸಲ ಮಾತ್ರ. ಒಮ್ಮೆ ಭಾಗಿಸಿದರೆ ಒಂದು ಹೋಗುತ್ತದೆ, ಇನ್ನೊಂದು ಅಲ್ಲೇ ಉಳಿಯುತ್ತದೆ. ಅವಿಭಾಜ್ಯಗಳಾಗಿ ಒಡೆದು, ಪ್ರತಿಯೊಂದೂ ಯಾವ ಸಂಖ್ಯೆಯಲ್ಲಿ ಅತಿ ಹೆಚ್ಚು ಸಲ ಬಂದಿದೆಯೋ ಅಷ್ಟನ್ನು ತೆಗೆದುಕೊಂಡರೆ 2×2×3×5, ಅಂದರೆ 60. ಶಾಲೆಯಲ್ಲಿ ಕಲಿಸುವುದೂ ಹೀಗೆಯೇ. ದುಡ್ಡು ತೆಗೆದುಕೊಂಡು ಮಾರುವ ಪುಸ್ತಿಕೆಯನ್ನು ಅಚ್ಚಿಗೆ ಕೊಡುವ ಮೊದಲು ಯಾರೂ ಪಟ್ಟಿ ಜೋಡಿಸಿ ನೋಡಲಿಲ್ಲವೇ?

ಪುಸ್ತಿಕೆಯಲ್ಲಿಲ್ಲದ ಒಂದು ಲೆಕ್ಕ ಕೊಟ್ಟವರು ನನ್ನ ಅಮ್ಮ. ಗುರು ರಾಶಿಚಕ್ರ ಸುತ್ತಿ ಬರಲು 12 ವರ್ಷ, ಶನಿಗೆ 30, ಇಬ್ಬರೂ ಹೊರಟಲ್ಲಿಗೇ ಒಟ್ಟಿಗೆ ಬರುವುದು ಯಾವಾಗ ಎಂದು ಮೊಮ್ಮಗಳನ್ನು ಕೇಳಿದರು. ಅಷ್ಟು ಉದ್ದದ ಪಟ್ಟಿ ಎಲ್ಲಿದೆ? ಅವಳು ಒಂದು ಸೆಂಟಿಮೀಟರಿಗೆ ಆರು ವರ್ಷ ಎಂದು ಇಟ್ಟುಕೊಂಡಳು. ಗುರುವಿಗೆ 2ರ ಪಟ್ಟಿ, ಶನಿಗೆ 5ರ ಪಟ್ಟಿ. 10ಕ್ಕೆ ಕೂಡಿದವು, ಹತ್ತಾರಲಿ 60. ಪ್ರಭವದಿಂದ ಅಕ್ಷಯದವರೆಗೆ ಸಂವತ್ಸರಗಳೂ ಅಷ್ಟೇ. (ಗ್ರಹಗಳ ಲೆಕ್ಕ ಅಷ್ಟು ದುಂಡಾಗಿಲ್ಲ. ಗುರುವಿಗೆ 11.86 ವರ್ಷ, ಶನಿಗೆ 29.46. ಅದನ್ನು ಅಮ್ಮನ ಎದುರು ಎತ್ತಲಿಲ್ಲ.)

ಪೆಟ್ಟಿಗೆಯ ಮಿತಿಯೂ ತಿಳಿದಿರಲಿ. 8 ಮತ್ತು 9ಕ್ಕೆ ಒಂಬತ್ತು ಎಂಟುಗಳು ಬೇಕು, ಇರುವುದು ಎಂಟೇ. ಕೊನೆಗೆ ಎರಡು ನಾಲ್ಕುಗಳನ್ನು ಸೇರಿಸಿ 72 ಮುಟ್ಟಿಸಬೇಕು. ಭಿನ್ನರಾಶಿಗೆ ಒಂದು ಪುಟವನ್ನೂ ಕೊಟ್ಟಿಲ್ಲ. ಕಾಲಕ್ಕೆ ಆರನೇ ಒಂದನ್ನು ಕೂಡಿಸುವಾಗಲೇ ಅಲ್ಲವೇ ಲ.ಸಾ.ಅ. ಕೆಲಸಕ್ಕೆ ಬರುವುದು? 12ರ ಸಾಲಿನ ಮೇಲೆ 3ರ ಪಟ್ಟಿ, ಅದರ ಪಕ್ಕ 2ರ ಪಟ್ಟಿ ಇಟ್ಟರೆ ಹನ್ನೆರಡರಲ್ಲಿ ಐದು ಎಂದು ಕಣ್ಣಿಗೇ ಕಾಣುತ್ತದೆ.

ಮಳೆಗಾಲದ ಚಿಂತೆ ಬೇಡ. ಮರ ಉಬ್ಬುವುದು ಅಗಲಕ್ಕೆ, ನಾರಿನ ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ನಮ್ಮ ಆಷಾಢದ ಮಳೆಯಲ್ಲೂ ಲೆಕ್ಕ ತಪ್ಪುವುದಿಲ್ಲ. ಸರಿಸಿ ತೆಗೆಯುವ ಮುಚ್ಚಳ ಮಾತ್ರ ಕಚ್ಚಿಕೊಳ್ಳುತ್ತದೆ, ಅಂಚನ್ನು ಸ್ವಲ್ಪ ಕೀಸಿದರೆ ಸಾಕು. ಕೊಳ್ಳುವವರು ಅಂಗಡಿಯಲ್ಲೇ ಆರು 7ರ ಪಟ್ಟಿಗಳನ್ನು ಸಾಲಾಗಿಟ್ಟು, ಕೆಳಗೆ ನಾಲ್ಕು 10 ಮತ್ತು ಒಂದು 2 ಇಟ್ಟು ನೋಡಿ. ತುದಿ ಕೂಡದಿದ್ದರೆ ಬೇರೆ ಪೆಟ್ಟಿಗೆ ತೆಗೆಸಿ.