ಹೆಂಪ್ ಬೀಜ, ಹೆಂಪ್ ಎಣ್ಣಿ: ಪುಣೆದಾಗ ಭಾಳ ದಿನ ತಿಂದ ಮ್ಯಾಲಿನ ಮಾತು

ರೇಟಿಂಗ್ ಮೊದಲ ಕೊಟ್ಟಬಿಡ್ತೀನಿ, ಆಮ್ಯಾಲ ಕತಿ. ಸಿಪ್ಪಿ ಸಮೇತ ಇಡೀ ಹೆಂಪ್ (ಭಾಂಗ್ ಗಿಡದ) ಬೀಜಕ್ಕ ಐದಕ್ಕ ಐದು, ಸಿಪ್ಪಿ ತಗದ ಬೀಜ ಅಂದ್ರ ಹೆಂಪ್ ಹಾರ್ಟ್ಸ್ ಅಂತ ಮಾರ್ತಾರಲ್ಲ ಅದಕ್ಕ ಮೂರು, ಕೋಲ್ಡ್ ಪ್ರೆಸ್ (ಬಿಸಿ ಮಾಡದ ಹಿಂಡಿದ) ಎಣ್ಣಿಗೆ ಎರಡು, ಅದೂ ಎಣ್ಣಿ ತಪ್ಪಲ್ಲ, ಮಾರವರ ತಪ್ಪು. ಕೋವಿಡ್ ಗದ್ದಲ ಮುಗದ ಮ್ಯಾಲಿಂದ ಮೂರೂ ನಮ್ಮ ಕೋಥ್ರೂಡ ಮನಿ ಅಡಗಿಮನ್ಯಾಗ ಬಂದು ಹೋಗ್ಯಾವ. ಈಗ ಉಳದದ್ದು ಒಂದ, ಇಡೀ ಬೀಜ.

ಎಲ್ಲಾರೂ ಕೇಳೂ ಪ್ರಶ್ನೆ, ನಶೆ ಏರ್ತದೇನು. ಇಲ್ರಿ. ಗಿಡ ಭಾಂಗಿಂದ ಖರೆ, ಆದ್ರ ನಶೆ ಕೊಡೂ ಟಿಎಚ್‌ಸಿ ಇರೋದು ಹೂವಿನ ಮ್ಯಾಲಿನ ಸಣ್ಣ ಸಣ್ಣ ಅಂಟಿನ ಗುಳ್ಳಿಯೊಳಗ, ಬೀಜದ ತಿರುಳಿನಾಗಲ್ಲ. ಒಕ್ಕಣಿ ಮಾಡೂವಾಗ ಹೂವಿನ ಅಂಟು ಸಿಪ್ಪಿಗೆ ಸೊಲ್ಪ ಹತ್ತಿರ್ತದ, ಅದಕ್ಕ ಬೀಜ ಸ್ವಚ್ಛ ಮಾಡಿರಬೇಕು ಅನ್ನೋದು ಮುಖ್ಯ. ಎಫ್‌ಎಸ್‌ಎಸ್‌ಎಐದವ್ರು (ದೇಶದ ಆಹಾರ ಸುರಕ್ಷತೆ ನೋಡೂ ಸರಕಾರಿ ಸಂಸ್ಥೆ) 2021ರ ನವೆಂಬರ್‌ನಾಗ ಹೆಂಪ್ ಬೀಜ, ಬೀಜದ ಎಣ್ಣಿ, ಬೀಜದ ಹಿಟ್ಟು ತಿನ್ನೂ ಪದಾರ್ಥ ಅಂತ ನೋಟಿಫೈ ಮಾಡ್ಯಾರ, ಬೀಜದಾಗ ಟಿಎಚ್‌ಸಿ ಕಿಲೋಕ್ಕ 5 ಮಿಲಿಗ್ರಾಂ, ಎಣ್ಣ್ಯಾಗ 10 ಮಿಲಿಗ್ರಾಂ ದಾಟಬಾರದು ಅಂತ ಮಿತಿ. 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡಿಯೂ) ಕಾಯ್ದೆದಾಗ ಗಾಂಜಾ ಅಂದ್ರ ಹೂವಿನ ತುದಿ, ತುದಿ ಜೋಡಿ ಇರಲಾರದ ಬೀಜ ಎಲಿ ಅದರಾಗ ಬರಂಗಿಲ್ಲ. ಹಿಂಗಾಗಿ ಕೊರಿಯರ್ ಹುಡುಗ ಪಾಕೀಟ ಮ್ಯಾಲಿನ ಹೆಸರು ಓದಿ ನಕ್ಕರ ನಗಲಿ ಬಿಡ್ರಿ.

ಹಾರ್ಟ್ಸ್ ವಿಷಯ ಲಗೂನ ಮುಗಸ್ತೀನಿ. ಮೆತ್ತಗ, ಬೆಳ್ಳಗ, ಅಲ್ಲಲ್ಲೆ ಹಸರ ಚುಕ್ಕಿ, ಬಾಯಾಗ ಹಸಿ ಗೋಡಂಬಿಗೂ ಸೂರ್ಯಕಾಂತಿ ಬೀಜಕ್ಕೂ ನಡುವಿನ ರುಚಿ. 30 ಗ್ರಾಂದಾಗ ಹತ್ತತ್ರ 9-10 ಗ್ರಾಂ ಪ್ರೋಟೀನ್, ಜಿಮ್ ಹುಡುಗರಿಗೆ ಅದ ಬೇಕು. ಮೊಸರಿನ ಮ್ಯಾಲ ಉದರಿಸಿಕೊಂಡು ತಿಂದ್ರ ಅಡ್ಡಿ ಇಲ್ಲ. ಆದ್ರ ರೇಟ್ ನೋಡಿದ್ರ ಎದಿ ಝಲ್ ಅಂತದ, ಮತ್ತ ಸಿಪ್ಪಿ ತಗದಿದ್ದಕ್ಕ ಗಾಳಿ ತಾಕಿ ಲಗೂನ ಕಮಟ ಆಗ್ತದ, ಪುಣೆ ಮಳಿಗಾಲದಾಗಂತೂ ಫ್ರಿಜ್ ಬಿಟ್ಟು ಹೊರಗ ಇಡಲಿಕ್ಕ ಬರಂಗಿಲ್ಲ. ಸಿಪ್ಪಿ ಜೋಡಿ ನಾರೂ ಹೋಗಿರ್ತದ. ಮನ್ಯಾಗ ಹಲ್ಲಿಲ್ಲದ ಹಿರ್ಯಾರಿದ್ರ ತೊಗೋರಿ, ಇಲ್ಲಂದ್ರ ಬ್ಯಾಡ.

ಇಡೀ ಬೀಜ ಅಂದ್ರ ಬ್ಯಾರೇನ ಮಾತು. ಜ್ವಾಳದ ಕಾಳಕಿಂತ ಸಣ್ಣದು, ಬೂದಿ ಬಣ್ಣ, ಮ್ಯಾಲ ಕಂದು ಗೆರಿ, ಕೈಯಾಗ ಹಿಡದ್ರ ನುಣ್ಣಗ ಜಾರ್ತದ. ಹಸೀದ ಬಾಯಿಗೆ ಹಾಕ್ಕೊಂಡ್ರ ಸಿಪ್ಪಿ ಹಲ್ಲಿಗೆ ಸಿಕ್ಕು ಬ್ಯಾಸರ ಬರ್ತದ, ಭಾಳ ಮಂದಿ ಅಲ್ಲಿಗೇ ಒಂದು ಸ್ಟಾರ್ ಕೊಟ್ಟು ಹೋಗಿಬಿಡ್ತಾರ. ಇದು ಹಿಂಡಿ, ಅಂದ್ರ ಚಟ್ನಿಪುಡಿ, ಕುಟ್ಟೂ ಬೀಜ ರೀ! ನಾವು ಧಾರವಾಡ ಕಡೆ ಮಂದಿಗೆ ಇದನ್ನ ಕಲಿಸಿಕೊಡೂದ ಬ್ಯಾಡ, ಅಗಸಿ ಹಿಂಡಿ ಗುರೆಳ್ಳ ಹಿಂಡಿ ಶೇಂಗಾ ಹಿಂಡಿ ತಿಂದು ಬೆಳದ ನಾಲಿಗಿ, ಇಲ್ಲಿ ಮರಾಠಿ ಮಂದೀನೂ ಜವಸ್ ಚಟ್ನಿ ಕಾರಳ್ಯಾ ಚಟ್ನಿ ಅಂತ ಅದನ್ನ ತಿಂತಾರ. ಉತ್ತರಾಖಂಡದ ಕುಮಾವ್ ಗಢವಾಲ್ ಕಡೆ ಅಂತೂ ಭಾಂಗ್ ಬೀಜದ ಚಟ್ನಿ ದಿನದ ಊಟ, ಹುರದು ಅರದು ಹಸಿಮೆಣಸಿನಕಾಯಿ ಕೊತ್ತಂಬ್ರಿ ನಿಂಬಿಹಣ್ಣು ಹಾಕ್ತಾರ, ಪಲ್ಯಕ್ಕೂ ಅದನ್ನ ಅರದು ಸೋಸಿದ ಹಾಲು ಸುರೀತಾರ. ಅದ ರಾಜ್ಯ 2018ರಾಗ ದೇಶದಾಗ ಮೊದಲನೇದಾಗಿ ಇಂಡಸ್ಟ್ರಿಯಲ್ ಹೆಂಪ್ (ಟಿಎಚ್‌ಸಿ ಭಾಳ ಕಡಿಮಿ ಇರೂ ತಳಿ) ಬೆಳಿಲಿಕ್ಕ ಲೈಸನ್ಸ್ ಕೊಟ್ಟದ್ದು.

ನಾ ಮಾಡೂ ರೀತಿ ಹೇಳ್ತೀನಿ. ದಪ್ಪ ತಳದ ಬುಟ್ಟಿ (ಕಡಾಯಿ), ಎಣ್ಣಿ ಒಂದು ಹನಿನೂ ಇಲ್ಲ, ಸಣ್ಣ ಉರಿ. ಮೊದಲ ಏನೂ ಆಗೂದಿಲ್ಲ, ಆಮ್ಯಾಲ ಒಮ್ಮೆಲೆ ಚಟ್ ಚಟ್ ಅಂತ ಸಿಡೀಲಿಕ್ಕ ಶುರು, ಒಂದೆರಡು ಬೀಜ ಗ್ಯಾಸ್ ಕಟ್ಟಿ ಮ್ಯಾಲೂ ಹಾರ್ತಾವ, ಹುರದ ಎಳ್ಳಿನಂಥ ವಾಸನಿ ಎದ್ದ ಕೂಡ್ಲೆ ಬುಟ್ಟಿ ಇಳಿಸಿ ಬ್ಯಾರೆ ತಾಟಿಗೆ ಸುರೀಬೇಕು, ಬುಟ್ಟ್ಯಾಗ ಬಿಟ್ರ ಆ ಬಿಸಿಗೇ ಕರಕಾಗಿ ಕಹಿ ಆಗ್ತದ. ಪೂರ್ತಿ ಆರಿದ ಮ್ಯಾಲ ಬ್ಯಾಡಗಿ ಮೆಣಸಿನಕಾಯಿ, ಬಳ್ಳೊಳ್ಳಿ, ಜೀರಗಿ, ಒಣಗಿಸಿದ ಕರಿಬೇವು, ಉಪ್ಪು, ಚೂರು ಹುಣಸಿಹಣ್ಣು, ಚೂರು ಬೆಲ್ಲ. ಮಿಕ್ಸರ್‌ನಾಗ ಒಂದ ಸಮ ತಿರುಗಿಸಬ್ಯಾಡ್ರಿ, ಎಣ್ಣಿ ಬಿಟ್ಟು ಗಂಟಕಟ್ತದ, ಬಿಟ್ಟು ಬಿಟ್ಟು ತಿರುಗಿಸಬೇಕು. ನಮ್ಮ ಮನ್ಯಾಗ ಕಬ್ಬಿಣದ ಕುಟ್ಟಾಣಿ ಅದ, ಅದರಾಗ ಕುಟ್ಟಿದ್ದರ ರುಚಿ ಮಿಕ್ಸರ್‌ದಕ್ಕ ಬರಂಗಿಲ್ಲ, ಸಿಪ್ಪಿ ತರಿ ತರಿ ಉಳೀತದ, ಬ್ಯಾಡಾದವ್ರು ಜರಡಿ ಹಿಡೀಬಹುದು, ನಾ ಹಿಡ್ಯಂಗಿಲ್ಲ. ಬಿಸಿ ಜ್ವಾಳದ ರೊಟ್ಟಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಮ್ಯಾಲ ಈ ಹಿಂಡಿ. ಇಷ್ಟಾದ್ರ ಸಾಕು, ಬಾಕಿ ಹೆಲ್ತ್ ಮಾತು ಯಾರಿಗೆ ಬೇಕು.

ಆದ್ರೂ ಹೆಲ್ತ್ ಮಾತು ಆಡಲೇಬೇಕು, ಯಾಕಂದ್ರ ಪಾಕೀಟ ಮ್ಯಾಲ ಬರೇ ಸೂಪರ್‌ಫುಡ್ ಸೂಪರ್‌ಫುಡ್ ಅಂತ ಬರದಿರ್ತಾರ. ಒಮೆಗಾ-3 ಸಲುವಾಗಿ ತೊಗೊಳ್ಳೂದಿದ್ರ ಅಗಸಿನ ತೊಗೋರಿ, ಮುಗೀತು. ಅಗಸಿ ಎಣ್ಣ್ಯಾಗ ಅರ್ಧಕ್ಕಿಂತ ಹೆಚ್ಚು ಒಮೆಗಾ-3, ಹೆಂಪ್ ಎಣ್ಣ್ಯಾಗ ಐದರಾಗ ಒಂದು ಪಾಲು ಇದ್ರ ಹೆಚ್ಚು, ಬಾಕಿ ಬಹಳಷ್ಟು ಒಮೆಗಾ-6. ರೇಟಿನಾಗೂ ಅಗಸಿ ಎಷ್ಟೋ ಪಟ್ಟು ಸೋವಿ. ಹೆಂಪ್ ಗೆಲ್ಲೂದು ಪ್ರೋಟೀನ್‌ದಾಗ ಮತ್ತ ರುಚ್ಯಾಗ, ಅಗಸಿ ಹಿಂಡಿಗೆ ಇರೂ ಆ ಲೋಳಿ ಇದಕ್ಕಿಲ್ಲ. ಇನ್ನೊಂದು, ಕಂಪ್ಲೀಟ್ ಪ್ರೋಟೀನ್ ಅಂತ ಬರದದ್ದನ್ನ ಪೂರಾ ನಂಬಬ್ಯಾಡ್ರಿ, ಹೆಂಪ್‌ದಾಗ ಲೈಸೀನ್ (ಪ್ರೋಟೀನ್ ಕಟ್ಟೂ ಒಂದು ಅಮೈನೋ ಆಮ್ಲ) ಕಡಿಮಿ, ನಮ್ಮ ಜ್ವಾಳದಾಗೂ ಅದ ಕಡಿಮಿ. ಅಂದ್ರ ರೊಟ್ಟಿ ಹಿಂಡಿ ಎರಡ ತಿಂದು ಎದ್ರ ಆ ಕೊರತಿ ತುಂಬಂಗಿಲ್ಲ, ತಾಟಿನಾಗ ಮಡಿಕಿಕಾಳಿನ ಪಲ್ಯಾನೋ ಬ್ಯಾಳಿನೋ ಇರಬೇಕು. ಅದನ್ನ ನಮ್ಮವ್ವಗ ಯಾವ ಪಾಕೀಟೂ ಹೇಳಿಕೊಡಲಿಲ್ಲ, ಆಕಿ ತಾಟಿನಾಗ ಮೊದಲಿಂದ ಇತ್ತು.

ಈಗ ಎಣ್ಣಿ. ಛೊಲೋ ಕೋಲ್ಡ್ ಪ್ರೆಸ್ ಹೆಂಪ್ ಎಣ್ಣಿ ಗಾಢ ಹಸರ ಇರ್ತದ, ಬಾಟ್ಲಿ ಬೆಳಕಿಗೆ ಹಿಡದ್ರ ಗೊತ್ತಾಗ್ತದ, ಅದು ಕ್ಲೋರೋಫಿಲ್ ಬಣ್ಣ. ವಾಸನಿ ಹಸಿ ಹುಲ್ಲು, ಹಿಂದ ಸೊಲ್ಪ ಅಕ್ರೋಟ್ ರುಚಿ. ಇದರಾಗ ಒಗ್ಗರಣಿ ಹಾಕೂದು ಶುದ್ಧ ದಂಡ, ಸುಮಾರು 165 ಡಿಗ್ರಿಗೇ ಹೊಗಿ ಬರ್ತದ, ಸಾಸಿವಿ ಚಟಗುಡೂದ್ರೊಳಗ ಎಣ್ಣಿ ಕೆಟ್ಟಿರ್ತದ. ಕೋಸಂಬ್ರಿ ಮ್ಯಾಲ, ರೊಟ್ಟಿ ಹಿಂಡಿ ಮ್ಯಾಲ ಹಸೀದ ಹಾಕ್ಕೋಬೇಕು, ಬಾಟ್ಲಿ ಒಡದ ಮ್ಯಾಲ ಫ್ರಿಜ್. ನನಗ ಸಿಟ್ಟು ಬಂದದ್ದು ಯಾಕಂದ್ರ ಒಬ್ಬ ಆನ್‌ಲೈನ್ ಮಾರಾಟಗಾರ ಕಳಿಸಿದ ಬಾಟ್ಲಿ ಸೀಲ್ ಒಡಿಯೂದಕ್ಕ ಪೇಂಟಿನಂಥ ವಾಸನಿ, ಪಾರದರ್ಶಕ ಗಾಜು, ಏಪ್ರಿಲ್ ಬಿಸಲಾಗ ಯಾವ ಗೋಡೌನ್‌ದಾಗ ಇಟ್ಟಿದ್ರೋ ಏನೋ. ಕಂಪ್ಲೇಂಟ್ ಮಾಡಿದ್ರ, ಸರ್ ಇದು ನ್ಯಾಚುರಲ್ ಸ್ಮೆಲ್, ಅಂತ ಉತ್ತರ. ಹಸಿ ಹುಲ್ಲಿನ ವಾಸನಿಗೂ ಪೇಂಟಿನ ವಾಸನಿಗೂ ಫರಕ ಗೊತ್ತಾಗಲಾರದಷ್ಟು ದಡ್ಡ ಅಲ್ರಿ ನಾವು! ಒಮೆಗಾ ಎಣ್ಣಿ ಯಾವುದೇ ಇರಲಿ, ಬೆಳಕು ಬಿಸಿ ಗಾಳಿ ಮೂರೂ ವೈರಿ. ಗಾಢ ಬಣ್ಣದ ಸಣ್ಣ ಬಾಟ್ಲಿ ಇಲ್ಲಂದ್ರ ಆರ್ಡರ್ ಮಾಡಬ್ಯಾಡ್ರಿ. ರೊಕ್ಕ ಅರ್ಧ ವಾಪಸ್ ಬಂತು, ಅಷ್ಟ.

ಗೋವಾದಾಗಿರೂ ನಮ್ಮೂರ ದೋಸ್ತ ಒಬ್ಬ ಅದಾನ, ನಾ ಹೆಂಪ್ ಅಂದ ಕೂಡ್ಲೆ ಫೋನ್ ಹಚ್ಚಿ, ಎಲಿ ಚೂರು ಐಸ್ ನೀರಿಗೆ ಹಾಕಿ ಕದಡಿ ಮನ್ಯಾಗ ಹ್ಯಾಶ್ (ಗಿಡದ ನಶೆ ಅಂಟು) ಮಾಡೂ ವಿಡಿಯೋ ಕಳಿಸಿದ, ಇದನ್ನೂ ಟ್ರೈ ಮಾಡಿ ಒಂದು ರಿವ್ಯೂ ಹಾಕಲಾ ಅಂತ. ಆ ವಿಡಿಯೋ ಮಾಡಿದವ್ರು ಕೆನಡಾದವ್ರು, ಅಲ್ಲಿ 2018ರಿಂದ ದೊಡ್ಡವರಿಗೆ ಕಾನೂನ ಬಿಟ್ಟುಕೊಟ್ಟದ. ಇಲ್ಲಿ ಗಿಡದಿಂದ ಬ್ಯಾರೆ ಮಾಡಿದ ಅಂಟು ಯಾವ ರೂಪದಾಗ ಇದ್ರೂ, ಕಚ್ಚಾ ಇರಲಿ ಶುದ್ಧ ಇರಲಿ, ಎನ್‌ಡಿಪಿಎಸ್ ಪ್ರಕಾರ ಅದು ಚರಸ್. ಎಲಿಯಿಂದ ತಗದ್ರೂ ಚರಸ್, ಐಸ್ ನೀರಾಗ ತೊಳದು ತಗದ್ರೂ ಚರಸ್. 100 ಗ್ರಾಂ ಒಳಗ ಸಣ್ಣ ಪ್ರಮಾಣ ಅಂತಾರ, ಅದಕ್ಕೂ ಒಂದು ವರ್ಷದ ತನಕ ಜೈಲು ಅದ, ಒಂದು ಕಿಲೋ ದಾಟಿತು ಅಂದ್ರ ಹತ್ತು ವರ್ಷದಿಂದ ಶುರು. ಭಾಂಗ್ ಎಲಿ ಗಾಂಜಾ ಅಲ್ಲಲಾ ಅಂತ ವಾದ ಮಾಡ್ತಾರ ಕೆಲವ್ರು, ಮಹಾರಾಷ್ಟ್ರದಾಗ 1949ರ ದಾರೂಬಂದಿ ಕಾಯ್ದೆ ಭಾಂಗ್ ಮ್ಯಾಲೂ ಕೈ ಇಟ್ಟದ, ಲೈಸನ್ಸ್ ಬೇಕು. ನನಗ ರೊಟ್ಟಿಗೆ ಹಿಂಡಿ ಸಾಕಪಾ ಅಂದೆ.

ಹೊಟ್ಟಿ ವಿಷಯ ಒಂದು ಮಾತು. ಇಡೀ ಬೀಜದ ಸಿಪ್ಪ್ಯಾಗ ನಾರು ಜಾಸ್ತಿ, ಶುರುವಿಗೆ ದಿನಕ್ಕೊಂದು ಚಮಚಾದ ಮ್ಯಾಲ ಹೋಗಬ್ಯಾಡ್ರಿ, ನೀರು ಕುಡೀರಿ. ನಮ್ಮ ಮನಿಯವ್ರಿಗೆ ಮೊದಲ ವಾರ ಹೊಟ್ಟಿ ಉಬ್ಬರ ಆಗಿ ಆಮ್ಯಾಲ ಸರಿ ಹೋತು. ರಕ್ತ ತೆಳು ಮಾಡೂ ಗುಳಿಗಿ ತೊಗೊಳ್ಳವ್ರು ಡಾಕ್ಟರ್‌ನ ಕೇಳಿ ತಿನ್ರಿ.

ಖರೀದಿ ಮಾಡೂದಿದ್ರ ಪಾಕೀಟ ಮ್ಯಾಲ ಎಫ್‌ಎಸ್‌ಎಸ್‌ಎಐ ನಂಬರ್ ಮತ್ತ ಪ್ಯಾಕ್ ಮಾಡಿದ ತಿಂಗಳು ನೋಡ್ರಿ, ಕಿಲೋಗಟ್ಲೆ ಬ್ಯಾಡ, 250 ಗ್ರಾಂದ್ದ ತೊಗೋರಿ, ಬಂದ ಕೂಡ್ಲೆ ನಾಕು ಬೀಜ ಕಡದು ನೋಡ್ರಿ, ಗಂಟಲಾಗ ಕಮಟ ಹತ್ತಿದ್ರ ಅವತ್ತ ರಿಟರ್ನ್ ಹಾಕ್ರಿ. ಮಾರ್ಕೆಟ್ ಯಾರ್ಡ್‌ದಾಗ ಕೇಳಿ ನೋಡಿದೆ, ಒಬ್ಬನ ಹತ್ರ ಇತ್ತು, ಆದ್ರ ಬಿಡಿ ಚೀಲದ್ದು, ಲೇಬಲ್ ಇಲ್ಲ, ಹಂಗಾಗಿ ಸದ್ಯಕ್ಕ ಆನ್‌ಲೈನ್‌ದ್ದ ನಡದದ.