ಗ್ರೀಸ್ 1922ರ ನೋಟ್ಸ್: ಕಲಬುರಗಿ ಝೆರಾಕ್ಸ್ ಪ್ರತಿ ಹೇಗಿದೆ?

ಸೂಪರ್ ಮಾರ್ಕೆಟ್ ಕಡೆ ಸಿಗುವ ಈ ಕೆಎಎಸ್ ನೋಟ್ಸ್‌ನಲ್ಲಿ ಗ್ರೀಸ್‌ನ ಸೇನಾ ಬಂಡಾಯದ ಭಾಗ ಗಟ್ಟಿಯಾಗಿದೆ. ಏಷ್ಯಾ ಮೈನರ್‌ನಲ್ಲಿ (ಇಂದಿನ ಟರ್ಕಿ) ಸೋತ ಗ್ರೀಕ್ ಪಡೆ ಖಿಯೋಸ್, ಲೆಸ್ಬೋಸ್ ದ್ವೀಪಗಳಿಗೆ ಬಂದಿಳಿದದ್ದು, ಕರ್ನಲ್ ಪ್ಲಾಸ್ಟಿರಾಸ್, ಗೊನಾಟಾಸ್ ಮುಂದಾಳತ್ವ, ರಾಜ ಕಾನ್‌ಸ್ಟಂಟೈನ್‌ನ ಪದತ್ಯಾಗ, ಎಲ್ಲವೂ ಸರಿಯಾದ ಕ್ರಮದಲ್ಲಿವೆ.

ತೊಡಕಿರುವುದು ತಾರೀಖಿನಲ್ಲಿ. ಒಂದು ಪುಟದಲ್ಲಿ ಬಂಡಾಯ ಸೆಪ್ಟೆಂಬರ್ 11, ಇನ್ನೊಂದರಲ್ಲಿ 24. ಎರಡೂ ಸರಿಯೇ! ಗ್ರೀಸ್ ಆಗಿನ್ನೂ ಹಳೆಯ ಜೂಲಿಯನ್ ಕ್ಯಾಲೆಂಡರ್‌ ಬಳಸುತ್ತಿತ್ತು. ನಮ್ಮ ಈಗಿನ ಕ್ಯಾಲೆಂಡರ್‌ನ ತಾರೀಖು ಬೇಕಾದರೆ ಅದಕ್ಕೆ 13 ದಿನ ಕೂಡಿಸಬೇಕು. ಅದನ್ನು ಹೇಳದಿದ್ದರೆ ಓದುವವರು ಎರಡು ಬಂಡಾಯ ಎಂದುಕೊಳ್ಳುತ್ತಾರೆ.

ಈಗಿನ ಕ್ಯಾಲೆಂಡರ್‌ನ ನವೆಂಬರ್ 28ರಂದು, ಸೋಲಿಗೆ ಹೊಣೆಯೆಂದು, ಐವರು ರಾಜಕಾರಣಿಗಳನ್ನೂ ಒಬ್ಬ ಸೇನಾಪತಿಯನ್ನೂ ಗುಂಡಿಟ್ಟು ಕೊಂದರು; ನೋಟ್ಸ್‌ನ ‘ಗಲ್ಲಿಗೇರಿಸಿದರು’ ತಪ್ಪು, ತಿದ್ದಿಕೊಳ್ಳಿ. ನಕಾಶೆಯ ಮೇಲೆ ಮಸಿ ಮೆತ್ತಿ ಸ್ಮಿರ್ನಾ (ಇಂದಿನ ಇಜ್ಮಿರ್ ನಗರ) ಕಾಣುವುದೇ ಇಲ್ಲ. ಕೊಳ್ಳುವ ಮುನ್ನ ಆ ಪುಟ ತೆಗೆದು ನೋಡಿ.