ಮೆಟ್ರೊನೋಮ್, ಟ್ರ್ಯಾಕ್, ಕೊನ್ನಕೋಲು: ಮೂರನ್ನೂ ಮಾಡಿ ನೋಡಿದೆ

ನಮ್ಮ ಚಿಕ್ಕಮಗಳೂರಲ್ಲಿ ಕಳೆದ ವರ್ಷ ಗಣಪತಿ ಹಬ್ಬದ ಆರ್ಕೆಸ್ಟ್ರಾ, ಡ್ರಮ್ಸ್ ಬಾರಿಸ್ತಿದ್ದದ್ದು ನಾನು. ಮಧ್ಯದಲ್ಲಿ ಕೀಬೋರ್ಡ್ ಕೈಕೊಟ್ಟಿತು. ಸರಿಯಾಗುವವರೆಗೆ ಬಾರಿಸ್ತಾ ಇರು ಅಂತ ನನಗೆ ಸನ್ನೆ ಬಂತು. ನನ್ನ ಹತ್ತಿರ ಇದ್ದ, ಹಾಡಿನ ಸಾಲುಗಳ ನಡುವೆ ತುಂಬೋ ಸಣ್ಣ ತುಣುಕುಗಳಾದ ಫಿಲ್‌ಗಳೆಲ್ಲ ಅರ್ಧ ನಿಮಿಷಕ್ಕೆ ಖಾಲಿ. ಆಮೇಲೆ ಅದನ್ನೇ ತಿರುಗಿಸಿ ತಿರುಗಿಸಿ ಹೊಡೆದೆ. ಸ್ಥಳದಲ್ಲೇ ಹೊಸದು ಹುಟ್ಟಬೇಕಾದರೆ ಹೇಗೆ ಅಭ್ಯಾಸ ಮಾಡಬೇಕು ಅನ್ನೋ ಪ್ರಶ್ನೆ ಅವತ್ತಿಂದ ನನ್ನ ಬಿಡಲಿಲ್ಲ.

ಮೊದಲು ಮೆಟ್ರೊನೋಮ್ (ಒಂದೇ ವೇಗದಲ್ಲಿ ಟಿಕ್ ಟಿಕ್ ಅನ್ನೋ ಯಂತ್ರ) ಇಟ್ಟುಕೊಂಡು ರುಡಿಮೆಂಟ್ಸ್, ಅಂದ್ರೆ ಡ್ರಮ್ಸ್ ಬಾರಿಸೋರ ಮೂಲ ಕೈಪಾಠಗಳು. ಒಟ್ಟು 40 ಇವೆ, ನಾನು ಹಿಡಿದದ್ದು ಹತ್ತು. ಪ್ಯಾರಾಡಿಡಲ್ ಅಂದ್ರೆ ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ. ನಿಮಿಷಕ್ಕೆ 60 ಟಿಕ್‌ನಿಂದ ಶುರು ಮಾಡಿ ಎರಡು ತಿಂಗಳಲ್ಲಿ 110ಕ್ಕೆ ಬಂದೆ. ಎಡಗೈ ನಿಜಕ್ಕೂ ಗಟ್ಟಿಯಾಯಿತು. ಬಲಗೈ ಏಟನ್ನು ನೆಲದ ಮೇಲೆ ನಿಲ್ಲೋ ದೊಡ್ಡ ಡ್ರಮ್ ಆದ ಫ್ಲೋರ್ ಟಾಮ್‌ಗೆ ಸರಿಸಿದರೆ ಅದೇ ಪ್ಯಾಟರ್ನ್ ಬೇರೆಯೇ ಕೇಳಿಸುತ್ತೆ, ಆದರೆ ಅಲ್ಲಿಂದ ಮುಂದಕ್ಕೆ ತಲೆ ಓಡಲಿಲ್ಲ.

ಡ್ರಮ್ಸ್ ಇಲ್ಲದ ಟ್ರ್ಯಾಕ್‌ಗಳ ಜೊತೆ ಬಾರಿಸೋದು ಖುಷಿ ಕೊಡುತ್ತೆ, ಬೇಸ್ ಗಿಟಾರ್‌ಗೆ ಕಿವಿ ಕೊಡೋದು ಕಲಿಸುತ್ತೆ. ಆದರೆ ಟ್ರ್ಯಾಕ್ ನಮ್ಮ ಮಾತು ಕೇಳಲ್ಲ ಅಲ್ವಾ? ನಾವು ಏನು ಮಾಡಿದರೂ ಅದು ತನ್ನ ಪಾಡಿಗೆ ಹೋಗುತ್ತೆ. ತಾಳದ ಒಂದು ಸುತ್ತಿಗೆ ಬಾರ್ ಅಂತಾರೆ; ನಾನಂತೂ ಪ್ರತಿ ನಾಲ್ಕನೇ ಬಾರ್‌ಗೆ ಹಳೇ ಫಿಲ್ಲನ್ನೇ ಹಾಕ್ತಿದ್ದೆ.

ಮೂರನೆಯದು ಸಿಕ್ಕಿದ್ದು ಮಳೆಯಿಂದ. ಜುಲೈನಲ್ಲಿ ಇಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತೋ ಗೊತ್ತಿಲ್ಲ. ಕತ್ತಲಲ್ಲಿ ಜಗಲಿ ಮೇಲೆ ಕೂತು, ತೊಡೆ ತಟ್ಟಿಕೊಂಡು, ಮೃದಂಗದವರು ತಾಳದ ಸೊಲ್ಲುಗಳನ್ನು ಬಾಯಲ್ಲೇ ಹೇಳೋ ಕೊನ್ನಕೋಲು ಶುರು ಮಾಡಿದೆ. ತಕಧಿಮಿ ನಾಲ್ಕು ಅಕ್ಷರ, ತಕಿಟ ಮೂರು, ತದಿಗಿಣತೊಂ ಐದು. ಒಂದು ಬಾರ್‌ನಲ್ಲಿ 16 ಸಣ್ಣ ಮಾತ್ರೆ ಅಂತ ಇಟ್ಟುಕೊಳ್ಳಿ. ಮೊದಲನೆಯದನ್ನು ಸುಮ್ನೆ ಬಿಟ್ಟು ತದಿಗಿಣತೊಂ ಮೂರು ಸಲ ಹೇಳಿದರೆ 15, ಮುಂದಿನ ಬಾರ್‌ನ ಮೊದಲನೇ ಮಾತ್ರೆಗೆ ಸರಿಯಾಗಿ ಬಂದು ಕೂರುತ್ತೆ. ಮೊದಲನೇ ವಾರ ಆ ಒಂದನ್ನು ಬಿಡೋದಕ್ಕೇ ಆಗ್ತಿರಲಿಲ್ಲ, ಅವಸರದಲ್ಲಿ ಶುರು ಮಾಡಿ ಒಂದು ಮಾತ್ರೆ ಮುಂಚೆಯೇ ಮುಗಿಸಿಬಿಡ್ತಿದ್ದೆ. ಬಾಯಿಗೆ ಕೂತ ಮೇಲೆ ಒಂದೊಂದು ಅಕ್ಷರವನ್ನು ಡ್ರಮ್ಸ್‌ನ ಒಂದೊಂದು ಭಾಗಕ್ಕೆ ಹಂಚಿ ಕಿಟ್‌ಗೆ ಹಾಕಿದೆ: ತ ಸ್ನೇರ್, ದಿ-ಗಿ ಹೈ-ಹ್ಯಾಟ್, ಣ ಟಾಮ್, ತೊಂ ಕಿಕ್. ಮಾರನೇ ದಿನ ಜಾಗ ಅದಲುಬದಲು ಮಾಡಿದೆ. ಸೊಲ್ಲು ಒಂದೇ, ಆದರೆ ದಿನಕ್ಕೊಂದು ಹೊಸ ಫಿಲ್!

ಇದರಿಂದ ಕೈ ವೇಗ ಬರಲ್ಲ, ಕೈಕಾಲು ಬೇರೆ ಬೇರೆ ಆಡೋದೂ ಬರಲ್ಲ. ಅದಕ್ಕೆ ಮೆಟ್ರೊನೋಮ್ ಬೇಕೇ ಬೇಕು, ನಾನು ಈಗಲೂ ದಿನಾ ಕಾಲು ಗಂಟೆ ಕೊಡ್ತೀನಿ. ಆದರೆ ಹೊಸದು ಹುಟ್ಟಬೇಕು ಅನ್ನೋರಿಗೆ ಒಂದೇ ಆಯ್ಕೆ ಅಂದ್ರೆ ನನ್ನ ಓಟು ಕೊನ್ನಕೋಲಿಗೆ. ಟ್ರ್ಯಾಕ್ ಬದಲು ಭಾನುವಾರ ಗಿಟಾರ್ ನುಡಿಸೋ ಗೆಳೆಯ ಬರ್ತಾನೆ. ನಾಲ್ಕು ಬಾರ್ ಅವನು, ನಾಲ್ಕು ಬಾರ್ ನಾನು. ಅವನು ನುಡಿಸುವಾಗಲೇ ನನ್ನ ಬಾಯಲ್ಲಿ ಉತ್ತರ ಸಣ್ಣಗೆ ಓಡ್ತಿರುತ್ತೆ.